ಬಾನೆಟ್ಟಿನ ನಮದಾ

ಡ್ರೈವರ್ ಬಾನೆಟ್ ಎತ್ತಿದ ಕೂಡಲೇ ಒಂದು ಹಿಡಿ ಕರಿ ಪುಡಿ ನನ್ನ ಮೇಲೆ ಉದುರಿತು. ಅಂದು ಶುಕ್ರವಾರ. ಜುಮ್ಮಾ ನಮಾಜಿಗೆಂದು ಬಿಳಿ ಅಂಗಿ ಹಾಕಿಕೊಂಡು ನಾನು ಅಂಗಡಿಯ ಷಟರ್ ಎಳೆಯುವ ಹೊತ್ತಿಗೆ ಸರಿಯಾಗಿ ಈ ಗಾಡಿ ಬಂದು ನಿಂತಿತ್ತು.

“ನೋಡ್ರಿ ಉಸ್ತಾದ್, ಇದು ಹಿಂಗ ಜೋತಾಡಾಕತ್ತೈತಿ,” ಎಂದ ಡ್ರೈವರ್, ನಾನು ಕುರುಡನೇನೋ ಎಂಬಂತೆ.

ಜೋತಾಡುತ್ತಿದ್ದದ್ದು ಬಾನೆಟ್ಟಿನ ಒಳಮೈಗೆ ಅಂಟಿಸಿದ್ದ ದಪ್ಪನೆಯ ಹಾಸು. ಇಂಜಿನ್ನಿನ ಸದ್ದು ಹೊರಗೆ ಬರದಂತೆ, ಅದರ ಬಿಸಿ ಮೇಲಿನ ಬಣ್ಣಕ್ಕೆ ತಟ್ಟದಂತೆ ಕಂಪನಿಯವರು ಹಚ್ಚಿ ಕಳಿಸಿದ್ದು. ಎಂದೋ ಸ್ಪಂಜು ಆಗಿದ್ದಿರಬೇಕು. ಈಗ ಒಣಗಿದ ರೊಟ್ಟಿಯ ಹಾಗೆ, ಮುಟ್ಟಿದಲ್ಲಿ ಮುರಿಯುತ್ತಿತ್ತು. ನಡುವಿನ ಭಾಗ ಬಾನೆಟ್ ಬಿಟ್ಟು ಹೊಟ್ಟೆಯಂತೆ ಕೆಳಗಿಳಿದು, ಒಂದು ತುದಿ ಬಿಸಿ ಹೊಗೆ ಹೋಗುವ ಕೊಳವೆಯ ಮೇಲೆ ಮಲಗಿತ್ತು. ಮಲಗಿದ ಕಡೆ ಸುಟ್ಟು ಕಂದಾಗಿತ್ತು.

ಗಾಡಿ ಜರ್ಮನಿಯದು, ಡೀಸೆಲ್ಲಿನದು, ನನಗಿಂತ ಸ್ವಲ್ಪವೇ ಚಿಕ್ಕದು. ನನಗಿಂತ ಚೆನ್ನಾಗಿ ಇಟ್ಟುಕೊಂಡಿದ್ದರು. ಅದರ ಒಡೆಯರು ಒಣದ್ರಾಕ್ಷಿಯ (ನಮ್ಮ ಕಡೆ ಮನೂಕ ಎನ್ನುತ್ತಾರೆ) ಸಾಹುಕಾರರು. ಮನೆ ಬಬಲೇಶ್ವರದಲ್ಲಿ, ದ್ರಾಕ್ಷಿ ಒಣಗಿಸುವ ಶೆಡ್ಡುಗಳು ತಿಕೋಟಾದಲ್ಲಿ. ನನ್ನದು ಜಿಲ್ಲಾ ಕೇಂದ್ರದ ಅಥಣಿ ರಸ್ತೆಯಲ್ಲಿ ಸೀಟು ಹೊಲಿಯುವ ಅಂಗಡಿ. ಗಾಡಿಗಳ ಸೀಟು, ಒಳಮಾಡಿನ ಬಟ್ಟೆ, ಕೆಲಸ ಇಲ್ಲದಾಗ ಹೊಸ ಬಡಾವಣೆಯವರ ಸೋಫಾ. ಬಾನೆಟ್ಟಿನ ಹಾಸು ಮೆಕ್ಯಾನಿಕ್‌ಗಳ ಕಣ್ಣಿಗೆ ಬಟ್ಟೆಯ ಕೆಲಸ, ಬಟ್ಟೆಯವರ ಕಣ್ಣಿಗೆ ಇಂಜಿನ್ನಿನ ಕೆಲಸ. ಹೀಗಾಗಿ ಊರಿನ ಗ್ಯಾರೇಜುಗಳು ಇದನ್ನು ಒಬ್ಬರಿಂದೊಬ್ಬರಿಗೆ ದೂಡುತ್ತ ಕೊನೆಗೆ ನನ್ನ ಬಾಗಿಲಿಗೆ ತಂದಿದ್ದವು. ನಾನೂ ದೂಡಬಹುದಿತ್ತು. ಆದರೆ “ಜರ್ಮನ್ ಗಾಡಿ” ಎಂಬ ಮಾತು ಕೇಳಿದೊಡನೆ ಎದೆ ಉಬ್ಬಿಸಿಕೊಳ್ಳುವ ಮೂರ್ಖತನ ನನಗೂ ಇದೆ. ಜೋರಾಪುರ ಪೇಟೆಯ ನಮ್ಮ ಓಣಿಗೆ ಆ ಸಂಜೆಯೇ ಸುದ್ದಿ ಮುಟ್ಟಿಸಿದೆ.

ಕೆಲಸ ಒಪ್ಪಿಕೊಂಡ ಮೇಲೆಯೇ ಎಡಗಡೆಯ ಮುಂದಿನ ಸೀಟಿನ ಪಕ್ಕದಲ್ಲಿದ್ದ ಊರುಗೋಲು ಕಣ್ಣಿಗೆ ಬಿದ್ದದ್ದು.

“ಇದು ಯಾರದೋ?”

“ಅಕ್ಕಾರದ್ರಿ. ಸಾವ್ಕಾರ್ರ ಮನಿಯವರದು. ಲಕ್ವಾ ಹೊಡದೈತಲ್ರಿ, ಎಡಗಾಲು ಎಡಗೈ ಸ್ವಾಧೀನ ಇಲ್ಲ. ವಾರಕ್ಕ ಎರಡ ಸಲ ಜಲನಗರದ ಕ್ಲಿನಿಕ್ಕಿಗೆ ಕಸರತ್ತಿಗೆ ಕರ್ಕೊಂಡ ಬರ್ತೇನ್ರಿ. ಕಾಲ ಚಾಚಾಕ ಬೇಕಂತ ಮುಂದs ಕುಂದರ್ತಾರ.”

ನನಗೆ ಇಷ್ಟು ಸಾಕು. ಚಿಂತೆ ಮಾಡುವುದರಲ್ಲಿ ನನ್ನ ಸರಿಸಮ ಈ ಜಿಲ್ಲೆಯಲ್ಲಿ ಇಲ್ಲ. ಹಾಸು ಪೂರ್ತಿ ಕಳಚಿ ಬಿಸಿ ಕೊಳವೆಯ ಮೇಲೆ ಬೀಳುತ್ತದೆ, ಹೊತ್ತಿಕೊಳ್ಳುತ್ತದೆ, ಡ್ರೈವರ್ ಜಿಗಿದು ಓಡುತ್ತಾನೆ, ಆ ಹೆಣ್ಣುಮಗಳು ಒಂದೇ ಕೈ ಒಂದೇ ಕಾಲಿನಲ್ಲಿ ಒಳಗೆ ಉಳಿಯುತ್ತಾಳೆ. ಹಾಸು ಕಳಚುವ ಮೊದಲೇ ಇಷ್ಟೂ ನನ್ನ ತಲೆಯಲ್ಲಿ ನಡೆದುಹೋಯಿತು. ಆಮೇಲೆ ಪ್ರತಿದಿನ ನಡೆಯಿತು.

ಕೆಲಸಕ್ಕೆ ಬರುತ್ತೇನೆ. ಆ ಕಾರಿನ ಬಾನೆಟ್ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ. ಜರ್ಮನಿಯವರಿಗೆ ಕೆಲಸ ಮಾಡುವವನ ಸೊಂಟದ ಮೇಲೆ ಕರುಣೆ ಇದೆ. ಇಂಜಿನ್ನಿನ ಮೇಲೆ ಹಳೆಯ ಚಾದರ ಹಾಸಿ, ಗಾಳಿ ಎಳೆದುಕೊಳ್ಳುವ ಬಾಯಿಗೆ ಪ್ಲಾಸ್ಟಿಕ್ ಕಟ್ಟಿದೆ. ಪುಡಿ ಒಳಗೆ ಹೋದರೆ ಇಂಜಿನ್ನೇ ಹೋದಂತೆ. ಹಳೆಯ ಹಾಸನ್ನು ಆದಷ್ಟು ಇಡಿಯಾಗಿ ಬಿಡಿಸಿ, ಕಾಗದದ ಮೇಲಿಟ್ಟು ಅದರ ಅಂಚು ಗುರುತು ಮಾಡಿಕೊಂಡೆ. ಉಳಿದ ಗಟ್ಟಿ ಅಂಟನ್ನು ಕಬ್ಬಿಣದಿಂದ ಕೆರೆದರೆ ಬಣ್ಣ ಹೋಗುತ್ತದೆಂದು ಮರದ ಪಟ್ಟಿಯಿಂದ ಕೆರೆದೆ. ಪಟ್ಟಿಗೆ ಬಗ್ಗದ್ದನ್ನು ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜಿದೆ. ಇಷ್ಟಕ್ಕೇ ಒಂದು ದಿನ ಹೋಯಿತು, ಉಗುರಿನೊಳಗಿನ ಕಪ್ಪು ಹೋಗಲು ಒಂದು ವಾರ.

ಹೊಸ ಹಾಸು ಮಾಡಲು ನಮದಾ ತಂದೆ. ನಾರನ್ನು ಒತ್ತಿ ಕಂಬಳಿಯಷ್ಟು ದಪ್ಪ ಮಾಡಿದ ಬಟ್ಟೆಗೆ ನಮ್ಮ ಕಸುಬಿನಲ್ಲಿ ಹಾಗೆನ್ನುತ್ತಾರೆ. ಸ್ಪಂಜಿನಂತೆ ಇದು ಪುಡಿಯಾಗುವುದಿಲ್ಲ. ಕಾಗದದ ಅಳತೆಗೆ ಕತ್ತರಿಸಿ, ಬಾನೆಟ್ಟಿಗೂ ನಮದಾಕ್ಕೂ ಎರಡೂ ಕಡೆ ಅಂಟು ಬಳಿದು ಕಾದೆ. ಬೆರಳ ಬೆನ್ನು ಮುಟ್ಟಿಸಿದರೆ ಜಿಗುಟು ಅನ್ನಿಸಬೇಕು, ಆದರೆ ಕೈಗೆ ಬರಬಾರದು, ಆಗ ಕೂಡಿಸಬೇಕು. ನಡುವಿನಿಂದ ಅಂಚಿಗೆ ಒತ್ತುತ್ತ ಹೋಗಬೇಕು, ಒಳಗೆ ಗಾಳಿ ಉಳಿದರೆ ನಾಳೆ ಅಲ್ಲಿಂದಲೇ ಬಿಡುತ್ತದೆ. ಗಾಳಿ ಉಳಿಯಲಿಲ್ಲ. ಬಾನೆಟ್ ಎತ್ತಿಯೇ ಇಟ್ಟು ಮರುದಿನದವರೆಗೆ ಒಣಗಿಸಿದೆ. ಡ್ರೈವರ್ ಬಂದು, “ಭಾರೀ ಆತ ನೋಡ್ರಿ,” ಎಂದು ಒಯ್ದ.

ವಾರ ಕಳೆಯುವುದರೊಳಗೆ ಗಾಡಿ ತಿರುಗಿ ಬಂತು. ನಮದಾ ಮೂಲೆಯಿಂದ ಬಿಟ್ಟು, ಹಸಿದ ನಾಯಿಯ ನಾಲಿಗೆಯಂತೆ ಇಳಿದಿತ್ತು.

“ಸಾವ್ಕಾರ್ರು ಅಂದ್ರು,” ಎಂದು ಡ್ರೈವರ್ ಶುರು ಮಾಡಿದ. ಯಾರದೋ ಬೈಗುಳವನ್ನು ತಾನು ಬೈಯುವ ಸುಖ ಅವನ ಮುಖದ ತುಂಬ. “ಸೋಫಾ ಹೊಲಿಯಾವನ ಕೈಯಾಗ ಜರ್ಮನ್ ಗಾಡಿ ಕೊಟ್ಟರ ಇನ್ನೇನಾಗ್ತೈತಿ ಅಂದ್ರುರಿ.”

ಬೈಗುಳಕ್ಕಿಂತ ಹೆಚ್ಚು ಉರಿಸಿದ್ದು ಅದರ ಜೊತೆ ಬಂದ ಸಲಹೆಗಳು. ಸಾಹುಕಾರರು ಹಳೆಯ ಕಾರು ಪ್ರೇಮಿಗಳ ಒಂದು ವಾಟ್ಸಾಪ್ ಗುಂಪಿನಲ್ಲಿದ್ದರು. ಆ ಗುಂಪಿನವರಿಗೆ ಗಾಡಿಯ ಬಗ್ಗೆ ಗೊತ್ತಿಲ್ಲದ್ದು ಒಂದೇ, ಅದನ್ನು ರಿಪೇರಿ ಮಾಡುವುದು. ಪುಣೆಯ ಯಾರೋ ಅಂಟನ್ನು ಕೂದಲು ಒಣಗಿಸುವ ಯಂತ್ರದಿಂದ ಕಾಯಿಸಬೇಕು ಎಂದಿದ್ದರಂತೆ. ಇನ್ನೊಬ್ಬರು ಜರ್ಮನಿಯಿಂದಲೇ ತರಿಸಿ ಎಂದಿದ್ದರಂತೆ. ಅವರು ಸ್ವತಃ ಯಾವಾಗ ತರಿಸಿದ್ದರೋ ಕೇಳಿದವರಿಲ್ಲ. ಸಾಹುಕಾರರದೂ ಒಂದು ಶೋಧವಿತ್ತು. ಫೋನ್ ಮಾಡಿಯೇ ಹೇಳಿದರು:

“ಉಸ್ತಾದ್, ನಮ್ಮ ಕೋಲ್ಡ್ ಸ್ಟೋರೇಜಿನ ಗ್ವಾಡಿಗೆ ದಪ್ಪನ ಬಿಳಿ ಶೀಟ್ ಹಾಕೀವಲ್ಲ, ಅದನ್ನs ಕೊರದ ಹಚ್ಚಿಬಿಡು. ಒಳಗ ಮನೂಕ ವರ್ಷಾನಗಟ್ಲೆ ತಣ್ಣಗ ಇರ್ತಾವ. ಇಂಜಿನ್ ತಣ್ಣಗ ಇರಂಗಿಲ್ಲೇನು?”

“ಅದು ಬಿಸಿಗಿ ಕರಗ್ತೈತ್ರಿ ಸಾವ್ಕಾರ್ರ.”

“ಮನೂಕ ಕರಗಿಲ್ಲಲ್ಲೋ ಮಾರಾಯಾ!”

ಇಂಥ ತರ್ಕಕ್ಕೆ ಉತ್ತರ ಹುಡುಕುವುದು ಬಿಟ್ಟು ನಾನು ನನ್ನನ್ನೇ ಬೈದುಕೊಂಡೆ. ಸೋಫಾದ ಅಂಟು ಬಿಸಿಗೆ ಮೆತ್ತಗಾಗಿರಬೇಕು. ನಮ್ಮೂರಿನ ಬಿಸಿಲಿನಲ್ಲಿ ನಿಂತ ಗಾಡಿಯ ಬಾನೆಟ್ ಮುಟ್ಟಿದರೆ ಚರ್ಮ ಏಳುತ್ತದೆ, ಒಳಗೆ ಇಂಜಿನ್ನಿನ ಬಿಸಿ ಬೇರೆ. ಸೊಲ್ಲಾಪುರಕ್ಕೆ ಹೋಗಿ ಹೆಚ್ಚು ಬಿಸಿ ತಡೆಯುವ ಅಂಟು ತಂದೆ. ನಮದಾದ ಕೆಳಮೈಗೆ ಬೆಳ್ಳಿಬಣ್ಣದ ತಗಡಿನ ಹಾಳೆ ಕೂಡಿಸಿದೆ, ಬಿಸಿ ಅಲ್ಲಿಂದಲೇ ತಿರುಗಿ ಹೋಗಲೆಂದು. ಮತ್ತೆ ಕೆರೆದು, ಉಜ್ಜಿ, ಬಳಿದು, ಕಾದು, ಒತ್ತಿದೆ. ಈ ಸಲ ಎರಡು ದಿನ ಒಣಗಿಸಿದೆ. ಎಳೆದು ನೋಡಿದೆ. ನೇತಾಡಿ ನೋಡಲು ಧೈರ್ಯ ಸಾಲಲಿಲ್ಲ, ಇಲ್ಲದಿದ್ದರೆ ಅದನ್ನೂ ಮಾಡುತ್ತಿದ್ದೆ.

ಅದೂ ಬಿತ್ತು.

ಆ ದಿನ ನಾನು ಡ್ರೈವರ್‌ನ ಮುಖ ನೋಡಲಿಲ್ಲ, ಬಿದ್ದ ನಮದಾವನ್ನು ಕೈಗೆತ್ತಿಕೊಂಡೆ. ಕೊಟ್ಟಾಗ ಹಗುರವಾಗಿದ್ದದ್ದು ನೀರು ಕುಡಿದ ಕೌದಿಯಷ್ಟು ಭಾರವಾಗಿತ್ತು. ಹಿಂಡಿದೆ. ಬೆರಳ ಸಂದಿಯಿಂದ ಎಣ್ಣೆ ಇಳಿಯಿತು. ಮೂಸಿದೆ. ಡೀಸೆಲ್.

ಮೊದಲ ಸಲವೂ ಆ ವಾಸನೆ ಇತ್ತು. ಡೀಸೆಲ್ ಗಾಡಿಯಲ್ಲಿ ಡೀಸೆಲ್ ವಾಸನೆ ಬಂದರೆ ಯಾರು ಮೂಗರಳಿಸುತ್ತಾರೆ? ಡೀಸೆಲ್ ಕುಡಿದ ಅಂಟು ಬೆಲ್ಲದ ಪಾಕವಾಗುತ್ತದೆ ಎಂಬುದು ನನಗೆ ಗೊತ್ತು. ಎಲ್ಲೋ ಪೈಪು ಸೋರಿ ಮೇಲಕ್ಕೆ ಚಿಮ್ಮುತ್ತಿದೆ ಎಂದುಕೊಂಡು ಪಕ್ಕದ ಮೆಕ್ಯಾನಿಕ್‌ನನ್ನು ಕರೆದೆ. ಆತ ಇಂಜಿನ್ ಚಾಲೂ ಮಾಡಿ, ಕಿವಿಗೊಟ್ಟು, ಒಂದೊಂದೇ ಪೈಪನ್ನು ಬಟ್ಟೆಯಿಂದ ಒರೆಸಿ ನೋಡಿದ. ಎಲ್ಲೂ ಹಸಿ ಇಲ್ಲ.

“ಇಂಜಿನ್ ಕನ್ನಡಿ ಇದ್ದಂಗ ಐತಿ,” ಎಂದ. “ನಿನ್ನ ಅಂಟಿನಾಗs ಏನೋ ಐತಿ ನೋಡು.”

ಇಂಜಿನ್ ಕನ್ನಡಿಯಂತೆ ಇತ್ತು. ನಾನು ಅದನ್ನು ದಿನಗಟ್ಟಲೆ ನೋಡಿದ್ದೆ. ಬಬಲೇಶ್ವರದಿಂದ ತಿಕೋಟಾಕ್ಕೆ, ತಿಕೋಟಾದಿಂದ ಊರಿಗೆ ದೂಳಿನಲ್ಲಿ ಓಡಾಡುವ ಗಾಡಿಯ ಇಂಜಿನ್ ಕನ್ನಡಿಯಂತೆ ಯಾಕಿರಬೇಕು ಎಂದು ಒಮ್ಮೆಯೂ ಕೇಳಿಕೊಳ್ಳಲಿಲ್ಲ. ಎದ್ದರೆ ಕೂತರೆ ಚಿಂತೆ ಮಾಡುವ ನನ್ನ ತಲೆ, ಬೇಕಾದ ಚಿಂತೆಯೊಂದನ್ನು ಬಿಟ್ಟು ಉಳಿದೆಲ್ಲವನ್ನೂ ಮಾಡಿತ್ತು.

ಮೂರನೆಯ ನಮದಾ ಹಚ್ಚಿ ಮುಗಿಸಿದ ದಿನ ಒಂದು ನಿರ್ಧಾರ ಮಾಡಿದೆ. ಗಾಡಿಯ ಜೊತೆ ನಾನೂ ಹೋಗುವುದು. ನನ್ನ ಅಂಗಡಿ ಬಿಟ್ಟ ಮೇಲೆ ಈ ಬಾನೆಟ್ಟಿಗೆ ಏನಾಗುತ್ತದೆ ಎಂದು ಕಣ್ಣಾರೆ ನೋಡುವುದು. ಬಿದ್ದ ಎರಡನೆಯ ನಮದಾವನ್ನು ಸಾಕ್ಷಿಗೆಂದು ಚೀಲದಲ್ಲಿ ಕಟ್ಟಿ ಡಿಕ್ಕಿಯಲ್ಲಿಟ್ಟೆ. ಹತಾರಗಳ ಚೀಲವನ್ನೂ ಇಟ್ಟೆ. ಅದಿಲ್ಲದೆ ನಾನು ಮದುವೆಗೂ ಹೋಗುವವನಲ್ಲ.

ಡ್ರೈವರ್ ಮೊದಲು ಜಲನಗರದ ಕ್ಲಿನಿಕ್ಕಿಗೆ ಹೋಗಿ, ಬೆಳಗ್ಗೆ ಬೇರೆ ಗಾಡಿಯಲ್ಲಿ ಬಂದಿದ್ದ ಸಾಹುಕಾರರ ಹೆಂಡತಿಯನ್ನು ಕರೆದುಕೊಂಡ. ಹೊರಗಿನಿಂದ ಬಾಗಿಲು ತೆಗೆದು, ತೋಳು ಹಿಡಿದು ಕೂರಿಸಿ, ಎಡಗಾಲನ್ನು ಎತ್ತಿ ಒಳಗಿಟ್ಟು, ಬಾಗಿಲು ಹಾಕಿದ. ಹಿಂದೆ ಕೂತಿದ್ದ ನನ್ನನ್ನು ಆಕೆ ಕನ್ನಡಿಯಲ್ಲಿ ನೋಡಿದರು. ಮಾತು ಸ್ವಲ್ಪ ನಿಧಾನ, ಆದರೆ ಚೂಪು.

“ನಮದಾದ ಉಸ್ತಾದ್‌ರು ನೀವs ಏನ್ರಿ? ನಮ್ಮ ಮನ್ಯಾಗ ದೇವರ ಹೆಸರಿಗಿಂತ ನಿಮ್ಮ ಹೆಸರ ಜಾಸ್ತಿ ತಗೀತಾರ.”

“ಬೈತಾರೇನ್ರಿ ಅಕ್ಕಾರ?”

“ದೇವರಿಗೂ ಅವರು ಬೈಯೂದs ರಿ.”

ಡ್ರೈವರ್ ನಕ್ಕ. ನಾನೂ ನಕ್ಕೆ. ಸಾಹುಕಾರರು ಕಾಯುತ್ತಿದ್ದ ತಿಕೋಟಾ ಇನ್ನೂ ದೂರವಿರುವಾಗ ಡ್ರೈವರ್ ಹೇಳದೆ ಕೇಳದೆ ರಸ್ತೆ ಬದಿಯ ಒಂದು ಗಾಡಿ ತೊಳೆಯುವ ಜಾಗಕ್ಕೆ ತಿರುಗಿಸಿದ. ಕಿಟಕಿಯ ಗಾಜು ಏರಿಸಿ, ಇಳಿದು, ಬಾನೆಟ್ ಎತ್ತಿದ. ತೊಳೆಯುವವನು ನೀರಿನ ಪೈಪು ಹಿಡಿಯಲಿಲ್ಲ. ಡಬ್ಬಿ ಕಟ್ಟಿದ ಗಾಳಿಯ ಗನ್ನು ಹಿಡಿದು ಬಂದ. ನಾನು ಇಳಿದು ಓಡುವಷ್ಟರಲ್ಲಿ ಬುಸ್ಸೆಂದು ಡೀಸೆಲ್ಲಿನ ಮಂಜು ಎದ್ದಿತ್ತು. ಬಾನೆಟ್ಟಿಗೆ ಅಡ್ಡ ನಿಂತೆ. ಮೊದಲ ಪಾಲು ನನ್ನ ಅಂಗಿಗೆ ಬಂತು, ಉಳಿದದ್ದು ಗಡ್ಡಕ್ಕೆ.

“ಏ, ಏನ ಮಾಡಾಕತ್ತೀಯೋ!”

“ಡೀಸೆಲ್ ಹೊಡಿಯಾಕತ್ತೇನ್ರಿ,” ಎಂದ ತೊಳೆಯುವವನು, ಹೊಸದೇನಿದೆ ಎಂಬಂತೆ. “ಇಂಜಿನ್ನಿಗಿ ಹೊಡೀದಿದ್ರ ಹೊಳಿಯಂಗಿಲ್ಲಲ್ರಿ.”

ಡ್ರೈವರ್ ಕಡೆ ತಿರುಗಿದೆ. “ಪ್ರತಿ ಸಲಾನೂ ಇಲ್ಲಿಗಿ ಬರ್ತಿದ್ದೇನು?”

“ಗ್ಯಾರೇಜಿನಿಂದ ಬಂದ ಗಾಡಿ ತೊಳೀದs ಹೆಂಗ ಒಯ್ಯೂದ್ರಿ ಉಸ್ತಾದ್? ಸಾವ್ಕಾರ್ರು ಶೆಡ್ಡಿನಾಗ ಮಂದಿ ಕೂಡಿಸ್ಕೊಂಡು ಬಾನೆಟ್ ಎತ್ತಿ ತೋರಸ್ತಾರ. ಹೊಳೀಲಿಲ್ಲಂದ್ರ ನನ್ನ ಚರ್ಮಾ ಸುಲೀತಾರ.”

“ನಾ ಹಚ್ಚಿದ ನಮದಾಕ್ಕೂ ಹೊಡಸ್ತಿದ್ದೆಲ್ಲೋ!”

“ಅದಕ್ಕs ಅಂತ ಹೊಡಸ್ಲಿಲ್ರಿ. ಅದು ಮ್ಯಾಲ ಇರ್ತೈತಿ, ಹತ್ತತೈತಿ.”

ಕಾರಿನೊಳಗಿಂದ ಸಾಹುಕಾರರ ಹೆಂಡತಿ ಗಾಜು ಅರ್ಧ ಇಳಿಸಿ ಹೇಳಿದರು: “ನಾನೂ ಒಳಗs ಇರ್ತೇನ್ರಿ ಉಸ್ತಾದ್‌ರ. ಗಾಜ ಏರಿಸಿ ಕುಂದ್ರಸ್ತಾನ. ಆ ವಾಸನಿಗಿ ತಲಿ ತಿರಗತೈತಿ. ನನ್ನನ್ನ ಕೆಳಗ ಇಳಸೋ ತಮ್ಮಾ ಅಂದ್ರ, ಈಗ ಆತು ಅಕ್ಕಾರ, ಈಗ ಆತು ಅಂತಾನ.”

ನಾನು ಅಲ್ಲಿಯೇ ಕೂತು ಡೀಸೆಲ್ ಬಿದ್ದ ಕಡೆ ಒಣ ಬಟ್ಟೆಯಿಂದ ಒತ್ತಿ ಒತ್ತಿ ತೆಗೆದೆ. ತಗಡಿನ ಹಾಳೆ ಇದ್ದುದರಿಂದ ನಡುಭಾಗ ಉಳಿದಿತ್ತು, ಅಂಚುಗಳು ಕುಡಿದಿದ್ದವು. ಸೊಲ್ಲಾಪುರದ ಅಂಟು, ಪುಣೆಯ ಪಂಡಿತರು, ನನ್ನ ಬೆನ್ನುನೋವು, ಎಲ್ಲದರ ಸಾರ ಇಷ್ಟೇ: ಒಬ್ಬ ಮನುಷ್ಯನಿಗೆ ತನ್ನ ಇಂಜಿನ್ ಹೊಳೆಯುವುದನ್ನು ನಾಲ್ಕು ಜನರಿಗೆ ತೋರಿಸಬೇಕಿತ್ತು. ಬಿಸಿ ತಡೆಯಲು ಹಚ್ಚುವ ಹಾಸನ್ನು ಅವರು ಬತ್ತಿಯಂತೆ ಎಣ್ಣೆಯಲ್ಲಿ ಅದ್ದಿ, ಕೊಳವೆಯ ಮೇಲೆ ತೂಗುಹಾಕಿ, ಹೆಂಡತಿಯನ್ನು ಮುಂದೆ ಕೂರಿಸಿ ಕ್ಲಿನಿಕ್ಕಿಗೆ ಕಳಿಸುತ್ತಿದ್ದರು. ಈ ಸಲ ಡ್ರೈವರ್‌ಗೆ ಹೇಳಿದರೆ ಉಪಯೋಗವಿಲ್ಲ. ಸಾಹುಕಾರರಿಗೇ ಹೇಳಬೇಕು.

ತಿಕೋಟಾದ ಶೆಡ್ಡಿನ ಅಂಗಳದಲ್ಲಿ ಸಾಹುಕಾರರು ಕುರ್ಚಿಯಲ್ಲಿದ್ದರು. ಒಣದ್ರಾಕ್ಷಿ ನೋಡಲು ಬಂದಿದ್ದ ಇಬ್ಬರು ಹೊರ ಊರಿನ ವ್ಯಾಪಾರಿಗಳೂ ಇದ್ದರು. ಗಾಡಿ ನಿಂತದ್ದೇ ಸಾಹುಕಾರರು ಎದ್ದರು. ಹೆಂಡತಿಯ ಕಡೆ ನೋಡಿ, “ಆತೇನು ಕಸರತ್ತು?” ಎಂದರು. ಉತ್ತರ ಬರುವ ಮೊದಲೇ ಡ್ರೈವರ್‌ಗೆ, “ಎತ್ತೋ ಬಾನೆಟ್,” ಎಂದರು. ಬಾನೆಟ್ ಎದ್ದಿತು. ವ್ಯಾಪಾರಿಗಳು ಬಗ್ಗಿ ನೋಡಿ, ಅರ್ಥವಾಗದವರು ಆಡುವ ಹಾಗೆ “ವಾ, ವಾ” ಎಂದರು. ಆಕೆ ಮುಂದಿನ ಸೀಟಿನಲ್ಲೇ ಇದ್ದರು.

“ಹೊಳಿವಲ್ದಲ್ಲ,” ಎಂದು ಸಾಹುಕಾರರು ಹುಬ್ಬು ಗಂಟಿಕ್ಕಿದರು.

ನಾನು ಮುಂದೆ ಬಂದೆ. ಗಡ್ಡದಿಂದ ಇನ್ನೂ ಡೀಸೆಲ್ ನಾರುತ್ತಿತ್ತು. ಎಲ್ಲ ಹೇಳಿದೆ. ಹೊಳಪಿಗೆಂದು ಹೊಡೆಸುವ ಡೀಸೆಲ್ ಅಂಟನ್ನು ತಿನ್ನುತ್ತದೆ, ನಮದಾ ಅದನ್ನು ಕುಡಿದು ಬೀಳುತ್ತದೆ, ಬಿದ್ದದ್ದು ಬಿಸಿ ಕೊಳವೆಯ ಮೇಲೆ ಉರಿಯುತ್ತದೆ. ಸಾಹುಕಾರರು ವ್ಯಾಪಾರಿಗಳತ್ತ ನೋಡಿ ನಕ್ಕರು.

“ಉಸ್ತಾದ್, ನಿನ್ನ ಅಂಟು ಖೊಟ್ಟಿ ಐತಿ. ಡೀಸೆಲ್ಲಿಗಿ ಯಾಕ ಬೈತಿ? ಈ ಊರಾಗ ಎಲ್ಲಾ ಗಾಡಿಗೂ ಡೀಸೆಲ್ ಹೊಡಸ್ತಾರ, ಯಾವುದು ಸುಟ್ಟೈತಿ ತೋರ್ಸು.”

“ತೋರಸ್ತೇನ್ರಿ,” ಎಂದೆ.

ಈಗ ನೆನೆದರೆ ನನಗೇ ನಗು ಬರುತ್ತದೆ, ನಾಚಿಕೆಯೂ. ಡಿಕ್ಕಿಯಿಂದ ಚೀಲ ತಂದು, ಬಿದ್ದ ನಮದಾವನ್ನು ಗಾಡಿಯ ಮುಂದೆ ಕಲ್ಲಿನ ಮೇಲೆ ಹಾಸಿದೆ. ಕಡ್ಡಿ ಗೀರಿದೆ. ಗಾಳಿಗೆ ಆರಿತು. ಇನ್ನೊಂದು ಗೀರಿದೆ. ಆರಿತು. ವ್ಯಾಪಾರಿಯೊಬ್ಬ, “ನಮ್ಮ ಕಡ್ಡಿಪೆಟ್ಟಗಿ ಕೊಡ್ಲೇನ್ರಿ?” ಎಂದ. ಸಾಹುಕಾರರು ಹೊಟ್ಟೆ ಹಿಡಿದು ನಕ್ಕರು. ನಾನು ಮೊಣಕಾಲೂರಿ, ನಮದಾದ ಅಂಚನ್ನು ಅಂಗೈಯಲ್ಲಿ ಮರೆ ಮಾಡಿ, ಉರಿಯುವ ಕಡ್ಡಿಯನ್ನು ಹಿಡಿದೇ ಇದ್ದೆ.

ಅಂಚು ಮೊದಲು ಹೊಗೆಯಾಡಿತು. ಆಮೇಲೆ ಸಣ್ಣ ಹಳದಿ ಉರಿ ಅಂಚಿನುದ್ದಕ್ಕೂ ಓಡಿತು. ನಾನು ಎದ್ದು ಹಿಂದೆ ಸರಿಯುವಷ್ಟರಲ್ಲಿ ಇಡೀ ನಮದಾ ಹೊತ್ತಿತ್ತು. ಕರಿಗಂಬಳಿಯಂಥ ಹೊಗೆ ಎದ್ದು, ಗಾಳಿಗೆ ನೇರ ಗಾಡಿಯ ಮೇಲೆ ಬಿತ್ತು. ಎಲ್ಲರೂ ಒಮ್ಮೆಲೇ ಓಡಾಡಿದರು. ಡ್ರೈವರ್ ನೀರಿಗೆ ಓಡಿದ. ವ್ಯಾಪಾರಿಗಳು ಶೆಡ್ಡಿನೊಳಗೆ ಓಡಿದರು. ನಾನು ಚಪ್ಪಲಿ ಕಾಲಿನಿಂದ ಉರಿ ತುಳಿಯಲು ಹೋಗಿ ಚಪ್ಪಲಿಗೇ ಹಚ್ಚಿಕೊಂಡೆ. ಸಾಹುಕಾರರು ಆ ವಯಸ್ಸಿನಲ್ಲಿ, ಆ ಮೈಯಲ್ಲಿ, ಪಂಚೆ ಎತ್ತಿ ಹಿಡಿದು ಗಾಡಿಯ ಕಡೆಗೆ ಓಡಿದ್ದನ್ನು ನಾನು ನೋಡಿದೆ. ಓಡಿ ಬಂದು ಬಾನೆಟ್ ಹಿಡಿದು ಧಡಾರನೆ ಮುಚ್ಚಿದರು. ಅದರ ಮೇಲೆ ಎರಡೂ ಕೈಯಿಟ್ಟು ನಿಂತು, “ಇಂಜಿನ್ನಿಗಿ ತಟ್ಟಲಿಲ್ಲ, ಇಂಜಿನ್ನಿಗಿ ತಟ್ಟಲಿಲ್ಲ,” ಎಂದರು.

ಆಗ ಗಾಜು ಬಡಿದ ಸದ್ದು ಕೇಳಿತು.

ಆಕೆ ಒಳಗಿದ್ದರು. ಅರ್ಧ ಇಳಿಸಿದ ಗಾಜಿನಿಂದ ಹೊಗೆ ಒಳಗೆ ತುಂಬಿತ್ತು. ಬಲಗೈಯನ್ನು ಎದೆಯ ಅಡ್ಡ ತಂದು ಎಡಗಡೆಯ ಬಾಗಿಲಿನ ಒಳಹಿಡಿಕೆಯನ್ನು ಎಳೆಯುತ್ತಿದ್ದರು, ಬಿಡುತ್ತಿದ್ದರು, ಎಳೆಯುತ್ತಿದ್ದರು. ಹಿಡಿಕೆ ಅವರ ಕೈಯಲ್ಲಿ ಸಡಿಲವಾಗಿ ಬಂದು ಹೋಗುತ್ತಿತ್ತು. ಬಾಗಿಲು ತೆರೆಯುತ್ತಿರಲಿಲ್ಲ. ಒಂದು ಕಾಲಿನ ಚಪ್ಪಲಿ ಬಿಟ್ಟು ನಾನು ಓಡಿ ಹೊರಗಿನಿಂದ ಎಳೆದೆ, ತೆರೆಯಿತು. ಆಕೆ ನನ್ನ ಭುಜದ ಮೇಲೆ ಬಿದ್ದಂತೆ ಇಳಿದರು. ಡ್ರೈವರ್ ನೀರಿನ ಬಕೆಟ್ಟನ್ನು ನಮದಾದ ಮೇಲೆ ಸುರಿದ. ಚಂಯ್ ಎಂದು ಎಲ್ಲ ಮುಗಿಯಿತು.

ದ್ರಾಕ್ಷಿಯ ಕ್ರೇಟನ್ನು ಬೋರಲು ಹಾಕಿ ಆಕೆಯನ್ನು ಕೂರಿಸಿದೆವು. ಕೆಮ್ಮು ನಿಲ್ಲಲು ಹೊತ್ತು ಹಿಡಿಯಿತು. ಸೆರಗಿನಿಂದ ಕಣ್ಣೊರೆಸಿಕೊಂಡರು.

“ಆ ಹಿಡಕಿ ಯಾವಾಗಿಂದ ಹಿಂಗೈತೋ?” ಎಂದು ನಾನು ಡ್ರೈವರ್‌ಗೆ ಕೇಳಿದೆ.

“ಭಾಳ ದಿನಾ ಆತ್ರಿ,” ಎಂದ ಆತ ನೆಲ ನೋಡುತ್ತ. “ನಾನs ಹೊರಗಿಂದ ತಗೀತಿದ್ನೆಲ್ರಿ, ಅದಕ್ಕ ತ್ರಾಸ ಆಗಿದ್ದಿಲ್ಲ.”

“ಯಾರಿಗಿ ತ್ರಾಸ ಆಗಿದ್ದಿಲ್ಲ?” ಎಂದರು ಆಕೆ.

ಸಾಹುಕಾರರು ನನ್ನ ಮೇಲೆ ಹರಿಹಾಯ್ದರು. “ಉಸ್ತಾದ್, ನಿನಗ ಬುದ್ಧಿ ಐತೇನು? ಗಾಡಿ ಮುಂದ ಬೆಂಕಿ ಹಚ್ಚತಾರೇನು? ಬಣ್ಣಕ್ಕೇನಾರ ಹತ್ತಿದ್ರ…”

ಅವರ ಮಾತು ಸರಿಯಾಗಿಯೇ ಇತ್ತು. ಚಿಂತೆ ಮಾಡಿ ಮಾಡಿ ಮೈ ಸವೆಸಿದವನು, ಯಾವ ಬೆಂಕಿಗೆ ಹೆದರಿದ್ದೆನೋ ಅದನ್ನೇ ಆಕೆಯ ಮುಂದೆ ಕೈಯಾರೆ ಹಚ್ಚಿದ್ದೆ. ಆದರೆ ಸಾಹುಕಾರರ ಮಾತು ನಡುವೆಯೇ ನಿಂತಿತು. ಆಕೆ ಗಂಡನನ್ನೇ ನೋಡುತ್ತಿದ್ದರು.

“ನೀವು ಓಡಿ ಬಂದದ್ದು ನೋಡಿದ್ನಿ,” ಎಂದರು. “ನನ್ನ ಸಲುವಾಗಿ ಅಂತ ತಿಳ್ಕೊಂಡ್ನಿ.”

ವ್ಯಾಪಾರಿಗಳು ಶೆಡ್ಡಿನ ಬಾಗಿಲಲ್ಲಿ ನಿಂತಿದ್ದವರು ಒಳಗೆ ಸರಿದರು.

“ಅಲ್ಲಬೇ,” ಎಂದರು ಸಾಹುಕಾರರು. “ಬಾನೆಟ್ ತಗದs ಇತ್ತಲ್ಲ… ನೀ ಇಳದೀದಿ ಅಂತ…” ಪಂಚೆಗೆ ಹತ್ತಿದ ಮಸಿ ಕೊಡವಿದರು. ಅಲ್ಲಿ ಮಸಿ ಇರಲಿಲ್ಲ.

ಆಕೆ ನನ್ನ ಕಡೆ ತಿರುಗಿದರು. “ಉಸ್ತಾದ್‌ರ, ಬಾನೆಟ್ ನಿಮ್ಮ ಅಂಗಡಿಗಿ ಬಂದಾಗೆಲ್ಲಾ ಈ ಬಾಗಿಲಾನೂ ಬಂದಿತ್ತಲ್ರಿ?”

“ಬಂದಿತ್ರಿ ಅಕ್ಕಾರ.”

“ಹಂಗಾದ್ರ ಮೊದಲ ಇದನ್ನ ಮಾಡ್ರಿ. ಆ ಕಂಬಳಿ ಹಚ್ಚಿದ್ರ ಹಚ್ರಿ, ಬಿಟ್ರ ಬಿಡ್ರಿ.”

ಹತಾರ ಇದ್ದವು. ಬಾಗಿಲಿನ ಒಳಹಲಗೆ ಬಿಚ್ಚುವುದು ನನಗೆ ದಿನದ ಕೆಲಸ. ಅದರ ಬಟ್ಟೆ ಬದಲಿಸುವುದೇ ನನ್ನ ಕಸುಬು. ಸ್ಕ್ರೂ ತೆಗೆದು, ಕ್ಲಿಪ್ಪುಗಳನ್ನು ಸುತ್ತಲೂ ಎಬ್ಬಿಸಿ ಹಲಗೆ ಇಳಿಸಿದೆ. ಒಳಗೆ ಹಿಡಿಕೆಯಿಂದ ಬೀಗಕ್ಕೆ ಹೋಗುವ ಸರಳು ಸರಿಯಾಗಿಯೇ ಇತ್ತು. ಎರಡನ್ನೂ ಕೂಡಿಸುವ, ಉಗುರಿನಷ್ಟು ಗಾತ್ರದ ಪ್ಲಾಸ್ಟಿಕ್ ಕೊಂಡಿ ಮುರಿದು ಬಾಗಿಲಿನ ತಳದಲ್ಲಿ ಬಿದ್ದಿತ್ತು. ಸೀಟಿನ ತಂತಿ ಬಗ್ಗಿಸಿ ಕೊಂಡಿ ಮಾಡಿದೆ. ಎರಡು ಸಲ ಸುತ್ತಿ ತುದಿ ಒಳಗೆ ಮಡಚಿದೆ. ನಮದಾಕ್ಕೆ ನಾನು ತೆಗೆದುಕೊಂಡ ಸಮಯದಲ್ಲಿ ಊರಿನ ಎಲ್ಲ ಗಾಡಿಗಳ ಎಲ್ಲ ಬಾಗಿಲುಗಳನ್ನೂ ಸರಿ ಮಾಡಬಹುದಿತ್ತು.

ಹಲಗೆಯನ್ನು ತಿರುಗಿ ಕೂಡಿಸಿದೆ. ಡ್ರೈವರ್ ಒಮ್ಮೆ, “ಮತ್ತ ವಾಶಿಂಗ್ ಏನ ಮಾಡೂದ್ರಿ?” ಎಂದು ಗಾಳಿಗೆ ಕೇಳಿದ. ಸಾಹುಕಾರರು ಅವನ ಕಡೆ ಕೂಡ ನೋಡದೆ ಮತ್ತೆ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತರು.

“ನೋಡ್ರಿ ಅಕ್ಕಾರ,” ಎಂದೆ.

ಆಕೆ ಊರುಗೋಲು ಊರಿ ಬಂದು ಕೂತರು. ಎಡಗಾಲನ್ನು ಬಲಗೈಯಿಂದ ತಾವೇ ಎತ್ತಿ ಒಳಗಿಟ್ಟುಕೊಂಡರು. ಡ್ರೈವರ್ ಮುಂದೆ ಬಂದವನು ಅವರ ಮುಖ ನೋಡಿ ನಿಂತ. ಅದೇ ಕೈಯಿಂದ ಬಾಗಿಲು ಎಳೆದುಕೊಂಡರು. ಒಳಗಿನಿಂದ ಹಿಡಿಕೆ ಎಳೆದರು, ಬಾಗಿಲು ತೆರೆಯಿತು. ಹಾಕಿಕೊಂಡರು. ಮತ್ತೆ ತೆರೆದರು. ಅಂಗಳದಲ್ಲಿ ನಾವು ಮೂವರು ಗಂಡಸರು, ಒಬ್ಬನಿಗೆ ಒಂದೇ ಚಪ್ಪಲಿ, ಆ ಸದ್ದು ಕೇಳುತ್ತ ನಿಂತಿದ್ದೆವು.

ಕೊನೆಗೊಮ್ಮೆ ಬಾಗಿಲು ತೆರೆದೇ ಇಟ್ಟು ಕೂತರು. ಸಾಹುಕಾರರು ಬಾನೆಟ್ಟಿನ ಮೇಲಿಂದ ಕೈ ತೆಗೆದು, ನಿಧಾನವಾಗಿ ಸುತ್ತು ಹಾಕಿ ಬಂದು, ಬಾಗಿಲು ಹಾಕಲು ಹಿಡಿದರು.

“ಬಿಡ್ರಿ,” ಎಂದರು ಆಕೆ. “ನಾ ಹಾಕ್ಕೋತೇನಿ.”